ಕೆಂಪು ಗೆರೆ, ಹಸಿರು ಗೆರೆ

"ಗೋಡೆಯಾಚೆ ಇರುವೆಗೆ ಹಲ್ಲುನೋವು ಬಂದ್ರೂ ಇಲ್ಲಿಂದಲೇ ಕಂಡುಹಿಡೀತೀನಿ. ನಿನ್ನ ಗಡ್ಡೆ ಇದ್ದ ಜಾಗ ಯಾವ ಲೆಕ್ಕ ಅತ್ತೆ?" ಎಂದು ಕ್ಯಾನ್ಸರಿಗೆ ಕಿರಣ ಕೊಡುವ ಡಾಕ್ಟರ್ ತನ್ನ ಸೋದರತ್ತೆಗೆ ಹೇಳಿದ. ಆಸ್ಪತ್ರೆಯಲ್ಲಿ ಅವನಿಗೆ ಹದ್ದಿನಕಣ್ಣ ಎಂದು ಹೆಸರು. ಇಟ್ಟವನೂ ಅವನೇ.

ಪರದೆಯ ಮೇಲೆ ಅತ್ತೆಯ ಎಡಸ್ತನದ ಎರಡು ಚಿತ್ರಗಳಿದ್ದವು. ಗಡ್ಡೆ ಕೊಯ್ದು ತೆಗೆದ ಜಾಗವನ್ನು ಅವನು ಸಿಟಿ ಸ್ಕ್ಯಾನ್ ಚಿತ್ರದಲ್ಲಿ ಕೆಂಪು ಗೆರೆಯಿಂದ ಸುತ್ತಿದ್ದ, ಎಂಆರ್‌ಐಯಲ್ಲಿ ಹಸಿರು ಗೆರೆಯಿಂದ. ಕಿರಣ ಬೀಳಬೇಕಾದದ್ದು ಆ ಸುತ್ತಿನೊಳಗೆ. ಗುರಿ ತಪ್ಪಿದರೆ ಕೆಳಗೇ ಹೃದಯವಿದೆ. ಒಂದರ ಮೇಲೊಂದು ಇಟ್ಟರೆ ಆ ಗೆರೆಗಳು ಜಗಳವಾಡಿದ ಓರಗಿತ್ತಿಯರಂತೆ ಆಚೊಂದು ಈಚೊಂದು ಸರಿದು ಕೂರುತ್ತಿದ್ದವು. ಬೆಳಗಿನಿಂದ ಮೌಸ್ ತಿಕ್ಕಿ ತಿಕ್ಕಿ, ಲೋಕದಲ್ಲಿದ್ದ ಬೈಗುಳವೆಲ್ಲ ಖರ್ಚಾಗಿ, ಅವನೀಗ ಹೊಸದನ್ನು ಹುಟ್ಟಿಸುತ್ತಿದ್ದ.

"ಕಂಡುಹಿಡಿದಾಯ್ತಲ್ಲ, ಬೆರಳಿಟ್ಟು ತೋರಿಸಪ್ಪಾ," ಎಂದರು ಅತ್ತೆ, ಸ್ಕ್ಯಾನಿಗೆಂದು ತಲೆಯ ಮೇಲೆ ಎತ್ತಿ ಹಿಡಿದು ನೋಯುತ್ತಿದ್ದ ತೋಳನ್ನು ಒತ್ತಿಕೊಳ್ಳುತ್ತ.

ಬೆರಳು ಕೆಂಪಿನತ್ತ ಹೋಯಿತು, ಹಸಿರಿಗೆ ಜಾರಿತು, ಎರಡರ ನಡುವೆ ಗಾಳಿಯಲ್ಲೇ ನಿಂತಿತು. ಅತ್ತೆ ಪರದೆಯನ್ನು ಬಿಟ್ಟು ಬೆರಳನ್ನೇ ನೋಡುತ್ತಿದ್ದರು. "ಹದ್ದು ಇಳಿಯೋಕೆ ಜಾಗ ಹುಡುಕ್ತಿದೆಯಲ್ಲೋ."

ಅವನು ಬೆರಳು ಮಡಚಿಕೊಂಡ. "ಗೊತ್ತಾಗ್ತಿಲ್ಲ ಅತ್ತೆ. ಎಂಆರ್‌ಐಗೆ ನಿನ್ನ ಬೋರಲು ಮಲಗಿಸಿದ್ರು, ಸಿಟಿಗೆ ಅಂಗಾತ. ಮೈ ಆಕಾರವೇ ಬೇರೆಯಾಗಿದೆ, ಎರಡೂ ಕೂಡ್ತಿಲ್ಲ. ಅಂಗಾತ ಮಲಗಿಸಿ ಇನ್ನೊಂದ್ಸಲ ಎಂಆರ್‌ಐ ತೆಗೀಲೇಬೇಕು. ಅದನ್ನ ಹೇಳೋಕೆ ಬಾಯಿ ಬರದೆ ಇರುವೆ ಕಥೆ ಹೊಡೀತಿದ್ದೆ."