ಕೈ ಎತ್ತಿದವರು

ಪಂಪ್ ಕಾರ್ಖಾನೆಯ ನೂರಾ ಇಪ್ಪತ್ತು ಕೆಲಸಗಾರರನ್ನೂ ಮಾಲೀಕರು ಊಟದ ಹಾಲ್‌ಗೆ ಕರೆಸಿದ್ದರು. ದೊಡ್ಡ ಗಿರಾಕಿಯೊಬ್ಬ ಕೈಬಿಟ್ಟಿದ್ದ. ಬ್ಯಾಂಕು ಹೊಸ ಸಾಲಕ್ಕೆ ಒಪ್ಪಿರಲಿಲ್ಲ.

“ಈ ವರ್ಷದ ಬೋನಸ್ ಬಿಟ್ಟುಕೊಡ್ರಿ. ಒಬ್ಬರನ್ನೂ ಕೆಲಸದಿಂದ ತೆಗಿಯೂದಿಲ್ಲ. ಇದು ನನ್ನ ಮಾತು,” ಎಂದರು ಮಾಲೀಕರು.

“ಬೋನಸ್ ನಂಬಿ ಮಗಳ ಫೀ ತುಂಬಬೇಕಂತ ಮಾಡೀನ್ರೀ,” ಎಂದ ಒಬ್ಬ ಫಿಟ್ಟರ್.

“ಕೆಲಸಾನ ಹೋದ್ರ ಏನ್ ತುಂಬ್ತೀಯೋ?” ಎಂದು ಯೂನಿಯನ್ ಮುಖಂಡ ಫಕೀರಪ್ಪ ಅವನನ್ನು ಗದರಿದ. ಆಮೇಲೆ ಮಾಲೀಕರ ಕಡೆ ತಿರುಗಿದ. “ಸಾಹೇಬ್ರ, ಹೋದ ವರ್ಷಾನೂ ಮಾತು ಕೊಟ್ಟಿದ್ರಿ, ಫ್ಯಾನ್ ಹಾಕಸ್ತೀನಂತ. ನಾವು ಇನ್ನೂ ಬೆವರು ಒರಸ್ಕೋತ ನಿಂತೀವಿ.”

ಎಲ್ಲರೂ ನಕ್ಕರು. ಮಾಲೀಕರೂ ನಕ್ಕರು.

“ಫ್ಯಾನ್ ಬ್ಯಾರೆ, ಮನಷ್ಯಾರು ಬ್ಯಾರೆ, ಫಕೀರಪ್ಪ. ನೀವೆಲ್ಲಾ ನನ್ನ ಮನೀ ಮಂದಿ.”

ಫಕೀರಪ್ಪ ಒಪ್ಪಿಗೆಯೆಂದು ಕೈ ಎತ್ತಿದ. ಅವನನ್ನು ನೋಡಿ ಉಳಿದವರೂ ಎತ್ತಿದರು. ಫಿಟ್ಟರ್ ಎಲ್ಲರಿಗಿಂತ ಕೊನೆಗೆ ಎತ್ತಿದ. ಮ್ಯಾನೇಜರು ಮೊದಲೇ ಟೈಪ್ ಮಾಡಿಸಿಟ್ಟಿದ್ದ ಒಪ್ಪಿಗೆ ಪತ್ರ ಕೈಯಿಂದ ಕೈಗೆ ಹೋಯಿತು. ನೂರಾ ಇಪ್ಪತ್ತು ಸಹಿ ಬಿದ್ದವು. ಮಾಲೀಕರು ಕೈ ಮುಗಿದರು.

ಅಷ್ಟರಲ್ಲಿ ಅಡುಗೆಮನೆಯಿಂದ ರೊಟ್ಟಿ ಬಡಿಯುವ ದ್ಯಾಮವ್ವ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಬಂದಳು.

“ಸಾಹೇಬ್ರ, ಸೋಮವಾರದಿಂದ ಎಂಬತ್ತ ಮಂದಿಗಷ್ಟ ರೊಟ್ಟಿ ಬಡಿ ಅಂತ ಮ್ಯಾನೇಜರು ಹೇಳ್ಯಾರ್ರೀ. ಉಳಿದ ನಲವತ್ತ ಮಂದಿ ಮನಿಂದ ಬುತ್ತಿ ತರ್ತಾರೇನ್ರೀ?”