ಹಳ್ಳದಾಚೆಯ ಕೆಸರು

ಸಮಿತಿಯ ಅಧ್ಯಕ್ಷ ಒಬೆರ್ತ್ಯಾಂ ಮೊದಲ ಗುಟುಕನ್ನೇ ಬಕೆಟ್ಟಿಗೆ ಉಗುಳಿದರು. ವೈನ್ ಪರೀಕ್ಷಿಸುವವರು ಎಲ್ಲವನ್ನೂ ಉಗುಳುತ್ತಾರೆ, ಒಳ್ಳೆಯದನ್ನೂ. ಆದರೆ ಈ ಉಗುಳಿನಲ್ಲಿ ತೀರ್ಪಿತ್ತು.

"ಹಳ್ಳದಾಚೆಯ ಕೆಸರು," ಎಂದರು.

ಅಕ್ಕಪಕ್ಕದ ಇಬ್ಬರು ಸದಸ್ಯರೂ ಉಗುಳಿ, "ಕೆಸರೇ," ಎಂದರು. ಅಧ್ಯಕ್ಷರ ಮುಖ ನೋಡದೆ ಅವರ ನಾಲಿಗೆಗೆ ಯಾವ ರುಚಿಯೂ ಹತ್ತುತ್ತಿರಲಿಲ್ಲ.

ಎದುರಿಗೆ ವಿಧವೆ ಲೆಯೊಂತಿನ್ ಕೈಕಟ್ಟಿ ನಿಂತಿದ್ದಳು. ಪಕ್ಕದಲ್ಲಿ ಮೈದುನ ಫಿರ್ಮಿನ್ ಬೆವರುತ್ತಿದ್ದ. ಹಳ್ಳದಾಚೆಯ ದ್ರಾಕ್ಷಿತೋಟ ಇಬ್ಬರಿಗೂ ಜಂಟಿ. ಊರ ಹೆಸರು ಬೇಕೆಂದು ಅರ್ಜಿ ಹಾಕಿದವನು ಅವನು. ಹಳ್ಳದ ಈಚೆ ಬೆಳೆದದ್ದಕ್ಕೆ ಮಾತ್ರ ವೆರ್ನಾಸ್ ಎಂದು ಊರ ಹೆಸರು ಅಂಟಿಸಬಹುದು. ಬಾಟಲಿಗೆ ನಲವತ್ತು ಯೂರೋ. ಆಚೆಯದು ಬರೀ ವೈನ್, ಆರು ಯೂರೋ. ಹಳ್ಳವೋ, ಕುರಿಮರಿ ಹಾರುವಷ್ಟು ಅಗಲ. ನೆಲದ ಗುಣ ಮಾತ್ರ ಅದನ್ನು ದಾಟದೆಂದು ಸಮಿತಿ ಕಂಡುಹಿಡಿದಿತ್ತು. ಸಮಿತಿಯಲ್ಲಿದ್ದವರೆಲ್ಲ ಈಚೆಯ ತೋಟದವರು.

ನಿಯಮದಂತೆ ಚೀಟಿಯಿಲ್ಲದ ಬಾಟಲಿ ಮೇಜಿನ ಮೇಲಿತ್ತು.

"ಸೇರಿಸ್ಕೊಂಡಿದ್ರೂ ನಿಮ್ಮ ಮುದಿ ಬಳ್ಳಿಗಳನ್ನೆಲ್ಲ ಕೀಳ್ಬೇಕಾಗ್ತಿತ್ತು ಮದಾಮ್," ಎಂದರು ಅಧ್ಯಕ್ಷರು. " ಆ ಜಾತಿ ನಮ್ಮ ಪಟ್ಟಿಯಲ್ಲಿಲ್ಲ."

"ಗೊತ್ತು ಮೊಸ್ಯೋ. ಮಾವ ನೆಟ್ಟದ್ದು. ಮದುವೆಯಾಗಿ ಬಂದಾಗಿಂದ ನಾನೇ ಸವರ್ತಿದೀನಿ."

"ಮಾವನಿಗೂ ರುಚಿ ಗೊತ್ತಿರ್ಲಿಲ್ಲ ಅನ್ನಿ."

ಸದಸ್ಯರು ನಕ್ಕರು.

"ಇನ್ನೊಂದು ಗುಟುಕು ನೋಡಿ ಮೊಸ್ಯೋ," ಫಿರ್ಮಿನ್ ಗೋಗರೆದ.

"ಒಂದಕ್ಕೇ ಬಾಯಿ ಕೆಟ್ಟಿದೆಯಪ್ಪ. ಇದಕ್ಕೆ ನಮ್ಮೂರ ಹೆಸರು ಹಚ್ಚಿದ್ರೆ ನಮ್ಮಜ್ಜ ಗೋರಿಯಿಂದ ಎದ್ದು ಬರ್ತಾನೆ."

"ಹಾಗಾದ್ರೆ ಅದನ್ನೇ ಬರೆದುಕೊಡಿ," ಎಂದಳು ಲೆಯೊಂತಿನ್. "ಬಾಯಿಮಾತು ಬೇಡ."

ಅಧ್ಯಕ್ಷರು ಖುಷಿಯಿಂದಲೇ ಬರೆದರು: ಈ ನೆಲದ ವೈನ್ ಎಂದಿಗೂ ವೆರ್ನಾಸ್ ಆಗದು, ಮತ್ತೆ ಅರ್ಜಿ ಸಲ್ಲದು. ಮೂವರೂ ಸಹಿ ಹಾಕಿದರು. ಮೊಹರು ಬಿತ್ತು.

ಹೊರಗೆ ಬಂದೊಡನೆ ಫಿರ್ಮಿನ್ ಸಿಡುಕಿದ. "ಬಾಟಲಿ ಆರಿಸಿದ್ದು ನೀವು ಅತ್ತಿಗೆ. ಅಷ್ಟು ಕೆಟ್ಟದ್ದು ನಮ್ಮನೇಲಿ ಎಲ್ಲಿತ್ತು?"

ಲೆಯೊಂತಿನ್ ಕಾಗದವನ್ನು ನಾಲ್ಕಾಗಿ ಮಡಿಸಿ ಚೀಲಕ್ಕೆ ಸೇರಿಸಿದಳು. "ಇನ್ನು ಆ ಬಳ್ಳಿಗಳನ್ನ ಯಾರೂ ಕೀಳೋ ಹಾಗಿಲ್ಲ, ನೀನೂ ಸೇರಿ."

"ನಾನು ಕೇಳಿದ್ದು ಬಾಟಲಿ ವಿಷಯ."

"ನೆಲಮಾಳಿಗೆಯೆಲ್ಲ ಹುಡುಕಿದೆ ಕಣೋ, ಅಷ್ಟು ಕೆಟ್ಟದ್ದು ಸಿಗ್ಲಿಲ್ಲ. ನಲವತ್ತು ಯೂರೋ ಕೊಟ್ಟು ಅಧ್ಯಕ್ಷರದ್ದೇ ಒಂದು ತಂದೆ."