ಉಸಿರಿನ ಕಂಡಿ

ಶಿದ್ದಪ್ಪ ಮಾಸ್ತರರು ತೀರಿಕೊಂಡ ಸುದ್ದಿ ಮಕಬೂಲಸಾಬನಿಗೆ ಮುಟ್ಟಿದ್ದು ಐದು ಗಡ್ಡೆ ಬರ್ಫ ಬೇಕೆಂಬ ಮಾತಿನಲ್ಲಿ. ಉಣಕಲ್ಲಿನ ಐಸ್ ಕಾರ್ಖಾನೆಯಲ್ಲಿ ನಲವತ್ತು ವರ್ಷ ಬರ್ಫ ಕೊಯ್ದವನು ಅವನು. ಬೆಳಗಿನ ನಮಾಜು ಮುಗಿಸಿ ಆಗತಾನೆ ಗರಗಸಕ್ಕೆ ಕೈ ಹಾಕಿದ್ದ. ಇಷ್ಟು ಬೇಗ ಫೋನು ಮಾಡುವವರು ಹಣ್ಣಿನ ರಸದ ಅಂಗಡಿಯವರಲ್ಲ, ಸಾವಿನ ಮನೆಯವರು ಎಂಬುದು ಅವನಿಗೆ ಗೊತ್ತು. ಎಂದಿನಂತೆ, "ಯಾರ ಮನೀಗ್ರಿ?" ಎಂದು ಕೇಳಿದ.

"ಕಾಕಾ, ನಾ ವಿನೋದ. ದೊಡ್ಡಪ್ಪ ಹೋದ್ರು. ನಿದ್ದ್ಯಾಗನ. ಫ್ರೀಜರ್ ಪೆಟ್ಟಿಗಿ ತರಸಬ್ಯಾಡ್ರಿ, ಮಕಬೂಲನ ಬರ್ಫ ಸಾಕು ಅಂತ ಯಾವಾಗ್ಲೂ ಅಂತಿದ್ರಲ್ಲ..."

ಮಕಬೂಲಸಾಬ ಹಸಿ ಗೋಣಿಚೀಲದ ಮೇಲೆ ಕುಳಿತುಬಿಟ್ಟ. ನಾವೆಲ್ಲ ಅಲ್ಲಾಹನವರು, ಅವನ ಕಡೆಗೇ ಮರಳುವವರು ಎಂದು ಮನಸ್ಸಿನಲ್ಲೇ ಹೇಳಿಕೊಂಡ. ಸಾವು ಯಾರಿಗೆ ತಪ್ಪಿದ್ದು? ಆದರೆ ಅವನ ಎದೆಗೆ ಚುಚ್ಚಿದ್ದು ಬೇರೆ. ಹೋದ ಶುಕ್ರವಾರ ಆ ಮನುಷ್ಯನನ್ನು ಸುಳ್ಳುಗಾರನೆಂದು ನಕ್ಕು ಕಳಿಸಿದ್ದ.

ವಿಜ್ಞಾನ ಕಲಿಸುತ್ತಿದ್ದ ಮಾಸ್ತರರು ಸಾಲಿ ಬಿಟ್ಟರೂ ಪಾಠ ಬಿಟ್ಟಿರಲಿಲ್ಲ. ಬೇಸಿಗೆಯ ಮಧ್ಯಾಹ್ನ ಕಾರ್ಖಾನೆಗೆ ಬಂದು, ಭತ್ತದ ಹೊಟ್ಟಿನ ಚೀಲಕ್ಕೆ ಒರಗಿ ಕೂತರೆ ಅವರಿಗೆ ಸೀಲುಗಳದೇ ಧ್ಯಾನ. ನಾಯಿಯ ಮುಖ, ಮೀನಿನ ಮೈ, ತಾಯಿಯ ಹಾಲು ಕುಡಿದು ಬೆಳೆಯುವ ಸಮುದ್ರದ ಜೀವ. ಹೊರಗಿವಿ ಇದ್ದವು ರೆಕ್ಕೆಗಾಲು ಊರಿ ನಡೆಯುತ್ತವೆ, ಇಲ್ಲದವು ಹೊಟ್ಟೆಯ ಮೇಲೆ ತೆವಳುತ್ತವೆ. ಆನೆ ಸೀಲಿನ ಗಂಡು ಟ್ರ್ಯಾಕ್ಟರಿಗಿಂತ ಭಾರ, ಆದರೂ ಮೈಲಿಗಿಂತ ಆಳಕ್ಕೆ ಮುಳುಗುತ್ತದೆ. ಅದೂ ಉಸಿರು ತುಂಬಿಕೊಂಡಲ್ಲ, ಹೊರಗೆ ಬಿಟ್ಟು. ಏಡಿಭಕ್ಷಕ ಎಂದು ಹೆಸರಾದದ್ದು ಏಡಿಯನ್ನು ಮುಟ್ಟುವುದೇ ಇಲ್ಲ, ಸೀಗಡಿಯಂಥ ಸಣ್ಣ ಹುಳುಗಳನ್ನು ಹಲ್ಲಿನಲ್ಲೇ ಜರಡಿ ಹಿಡಿದು ತಿನ್ನುತ್ತದೆ. ಸಮುದ್ರದಿಂದ ಸಾವಿರ ಮೈಲಿ ದೂರ, ರಷ್ಯಾದ ಸಿಹಿನೀರಿನ ಕೆರೆಯಲ್ಲೂ ಒಂದು ಜಾತಿ ಸಂಸಾರ ಹೂಡಿದೆಯಂತೆ.

"ಹಂಗಾರ ನಮ್ಮ ಉಣಕಲ್ ಕೆರ್ಯಾಗೂ ನಾಕು ಬಿಡೂಣ್ರಿ" ಎಂದಿದ್ದ ಮಕಬೂಲಸಾಬ.

"ನಮ್ಮ ಕೆರಿ ನೀರು ನೋಡಿದ್ರ ಹೊಟ್ಟಿ ಮ್ಯಾಲೆ ತೆವಳಕೋತ ತಿರುಗಿ ರಷ್ಯಾಕ್ಕ ಹೊಂಟಾವು."

ಶುಕ್ರವಾರ ಬಂದದ್ದು ವೆಡೆಲ್ ಸೀಲಿನ ಮಾತು. ದಕ್ಷಿಣ ಧ್ರುವದಲ್ಲಿ ಆಳೆತ್ತರ ದಪ್ಪದ ಬರ್ಫದ ಕೆಳಗೆ ಅದರ ಬದುಕು. ತಾಸು ಹೊತ್ತು ಉಸಿರು ಹಿಡಿಯಬಲ್ಲದು. ಆಮೇಲೆ ಮೇಲೆ ಬರಲೇಬೇಕು; ಅದಕ್ಕೊಂದು ಕಂಡಿ. ಆ ಕಂಡಿ ಹೆಪ್ಪುಗಟ್ಟಿ ಮುಚ್ಚದಂತೆ ಹಲ್ಲಿನಿಂದ ಕೊರೆಯುತ್ತಲೇ ಇರುತ್ತದೆ.

"ಉಕ್ಕಿನ ಗರಗಸನ ತಿಂಗಳಿಗೊಮ್ಮಿ ಮೊಂಡ ಆಗತೈತಿ, ಹಲ್ಲಿಲೆ ಬರ್ಫ ಕೊರೀತೈತಿ ಅಂತೀರಲ್ಲ! ಮಾಸ್ತರ, ಸುಳ್ಳಿಗೂ ಒಂದು ಅಳತಿ ಇರಬೇಕ್ರಿ."

"ಅದರ ಹಲ್ಲೂ ಸವೀತಾವಪಾ. ಸವೆದು ಕೊರಿಯಾಕ ಆಗದ ದಿವಸ ಕಂಡಿ ಮುಚ್ಚತೈತಿ. ಅದರ ಆಯುಷ್ಯ ಮುಗೀತೈತಿ."

ಮಕಬೂಲಸಾಬ ತನ್ನ ಮೂರೇ ಹಲ್ಲು ತೋರಿಸಿ ನಕ್ಕಿದ್ದ. "ಹಂಗಾರ ನಾ ಯಾವಾಗೋ ಹೋಗಬೇಕಿತ್ತು!" ಮಾಸ್ತರರು ನಗಲಿಲ್ಲ. "ಸುಳ್ಳ ಪಾಠ ನಾ ಎಂದೂ ಹೇಳಿಲ್ಲ ಮಕಬೂಲ" ಎಂದು ಕೊಡೆ ಹಿಡಿದು ಎದ್ದು ಹೋದರು. ಮತ್ತೆ ಬರಲಿಲ್ಲ.

ಮಾಸ್ತರರ ಮನೆ ಮುಂದೆ ಬರ್ಫ ಇಳಿಸಿ ಮಕಬೂಲಸಾಬ ಒಳಗೆ ಹೋದಾಗ ಅವರ ಹೆಂಡತಿ ರೇಣವ್ವ ಸೆರಗಿನಿಂದ ಕಣ್ಣೊರೆಸಿಕೊಂಡರು. "ಮಕಬೂಲಣ್ಣ, ಆ ಸೀಲಿನ ವಿಡಿಯೋ ನಿಮಗ ತೋರಸಬೇಕಂತ ಮೂರು ದಿವಸ ಫೋನ್ ಹಿಡಕೊಂಡ ಕುಂತಿದ್ರು. ನಿನ್ನಿ ಸಂಜೀಕ ಸಿಕ್ಕಿತು. ಮುಂಜಾನೆದ್ದು ಕಾರ್ಖಾನಿಗೆ ಹೋಗತೇನಿ ಅಂದವರು..."

ವಿನೋದ ದೊಡ್ಡಪ್ಪನ ಫೋನು ಒತ್ತಿ ಕೈಗಿಟ್ಟ. ಬಿಳಿಯ ಬಯಲಿನಲ್ಲಿ ಒಂದು ಕಂಡಿ. ಅದರೊಳಗಿಂದ ಕರಿಯ ತಲೆಯೊಂದು ಎದ್ದು ಬಂತು. ಬಾಯಿ ಅಗಲಿಸಿ, ಮೇಲಿನ ಹಲ್ಲನ್ನು ಕಂಡಿಯ ಅಂಚಿಗೆ ನಾಟಿ, ತಲೆಯನ್ನು ಎಡಕ್ಕೆ ಬಲಕ್ಕೆ ಎಳೆಯತೊಡಗಿತು. ಪುಡಿ ಹಾರಿತು. ಒಂದಿಷ್ಟು ಎಳೆತ, ಒಂದು ಬಿಡುವು, ಮತ್ತೆ ಎಳೆತ. ನಲವತ್ತು ವರ್ಷ ತಾನು ಗರಗಸ ಎಳೆದದ್ದೂ ಹೀಗೆಯೇ.

"ಸುಭಾನಲ್ಲಾಹ್! ಇದಕ್ಕ ಕೈ ಕೊಡದವ ಬಾಯಿಗೆ ಗರಗಸ ಕೊಟ್ಟಾನ" ಎಂದ ಮಕಬೂಲಸಾಬ. ಮೂರು ಸಲ ನೋಡಿದ.

ಆಮೇಲೆ ಹೊಟ್ಟು ಹಾಸಿ, ಮಾಸ್ತರರ ಎರಡೂ ಮಗ್ಗುಲಿಗೆ ಎರಡೆರಡು ಗಡ್ಡೆ ಹೊಂದಿಸಿದ. ಐದನೆಯದನ್ನು ತಲೆಯ ಕಡೆ ನಿಲ್ಲಿಸಿ, ಚೂಪು ಸಲಾಕೆಯಿಂದ ಅದರ ನಡುಮಧ್ಯ ಕೊರೆಯಲು ಹಿಡಿದ.

ವಿನೋದ ಗಾಬರಿಯಾದ. "ಕಾಕಾ, ಹಂಗ ಮಾಡಿದ್ರ ಲಗೂ ಕರಗತೈತ್ರಿ. ಅಪ್ಪನ ಮುಖಾ ನೋಡಾಕ ಲಕ್ಷ್ಮೀ ಅಕ್ಕ ಬೀದರದಿಂದ ಬರೂದು ಸಂಜೀಕ."

"ಬರ್ಫ ಹೆಂಗ ಕರಗತೈತಿ ಅನ್ನೂದು ನನಗ ಹೇಳಾಕತ್ತಿಯೇನಪಾ? ಕರಗಲಿ. ಇನ್ನೊಂದು ತರತೇನಿ. ನಾ ಇಲ್ಲೇ ಕುಂದರತೇನಿ."

ಸಲಾಕೆ ಆಚೆಯ ಬದಿಗೆ ಹೊರಬಿತ್ತು. ಮುಂಗೈ ಗಾತ್ರದ ದುಂಡನೆಯ ಕಂಡಿ. ಅದರೊಳಗಿಂದ ಮಾಸ್ತರರ ವಿಭೂತಿ ಹಚ್ಚಿದ ಹಣೆ ಕಾಣಿಸಿತು. ಮಕಬೂಲಸಾಬ ಅಲ್ಲಿಗೆ ಬಾಯಿ ಹಚ್ಚಿ, "ಖರೇ ಐತ್ರಿ ಮಾಸ್ತರ. ನಿಮ್ಮ ಪಾಠ ಖರೇ ಐತಿ" ಎಂದ.

ಧ್ರುವದ ಚಳಿಯಲ್ಲಿ ಕಂಡಿ ತಾನಾಗಿ ಮುಚ್ಚುತ್ತದೆ. ಉಣಕಲ್ಲಿನ ಸೆಕೆಯಲ್ಲಿ ಇದು ತಾನಾಗಿ ಅಗಲವಾಗುತ್ತ ಹೋಯಿತು. ಅದನ್ನೇ ನೋಡುತ್ತ ಮಕಬೂಲಸಾಬ ಅಂಗೈ ಎರಡೂ ಎತ್ತಿದ. "ಯಾ ಅಲ್ಲಾಹ್, ಇವರು ಭಾಳ ಹೊತ್ತು ಉಸಿರು ಹಿಡದಿದ್ರು, ಈಗ ನಿನ್ನ ಕಡೆ ಬರಾಕತ್ತಾರ. ಕಂಡಿ ಮುಚ್ಚಬ್ಯಾಡ. ಇವರ ಜೀವಕ್ಕ ಶಾಂತಿ ಕೊಡು."